ತಿಂಗಳಿಗೆ ನಾಲ್ಕು ಸಾವಿರದ ಉಳಿತಾಯ: ಬಡ್ಡಿ ಹುಡುಕುವ ಮುಂಚೆ ಸೋರಿಕೆ ನೋಡಿ

ಮೈಸೂರಿನ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ, ಕೈಗೆ ಬರುವ ಸಂಬಳ 22,000 ರೂಪಾಯಿ. ರೂಮಿನ ಬಾಡಿಗೆ, ಊಟ, ಪೆಟ್ರೋಲು, ಊರಿಗೆ ಕಳಿಸುವ ದುಡ್ಡು ಎಲ್ಲ ಕಳೆದು ತಿಂಗಳಿಗೆ 4,000 ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಇದನ್ನು ಎಲ್ಲಿ ಹಾಕಿದರೆ ಜಾಸ್ತಿ ಬರುತ್ತದೆ ಎಂಬುದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. ಆದರೆ ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 48,000 ಉಳಿಸುವವರಿಗೆ ಒಂದು ಪರ್ಸೆಂಟ್ ಹೆಚ್ಚು ಬಡ್ಡಿ ಅಂದರೆ ಹೆಚ್ಚೆಂದರೆ 480 ರೂಪಾಯಿ. ಮುಳುಗಿದ ಒಂದು ಚೀಟಿ, ನಡುವೆ ನಿಲ್ಲಿಸಿದ ಒಂದು ವಿಮೆ ಪಾಲಿಸಿ, ಕೆಲಸ ಬಿಟ್ಟ ಕೂಡಲೇ ತೆಗೆಸಿ ಖರ್ಚು ಮಾಡಿದ ಪಿಎಫ್ (ಸಂಬಳದಿಂದ ಕಡಿತವಾಗುವ ಭವಿಷ್ಯ ನಿಧಿ), ಇವುಗಳಲ್ಲಿ ಒಂದೊಂದೂ ಇಂಥ ಎಷ್ಟೋ ವರ್ಷದ ಹೆಚ್ಚುವರಿ ಬಡ್ಡಿಯನ್ನು ಒಂದೇ ಏಟಿಗೆ ನುಂಗುತ್ತದೆ. ಸಣ್ಣ ಉಳಿತಾಯ ಬೆಳೆಯಬೇಕಾದರೆ ಮೊದಲು ಸೋರಿಕೆ ನಿಲ್ಲಬೇಕು. ಬಡ್ಡಿಯ ಮಾತು ಆಮೇಲೆ.

ಬಡ್ಡಿಯ ವಿಚಾರ ಈಗ ಜನರನ್ನು ಕಾಡುತ್ತಿರುವುದಕ್ಕೆ ಕಾರಣವಿದೆ. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು) ಫೆಬ್ರವರಿ, ಏಪ್ರಿಲ್, ಜೂನ್ ಮತ್ತು ಡಿಸೆಂಬರ್‌ನಲ್ಲಿ ನಾಲ್ಕು ಬಾರಿ ಇಳಿಸಿತು. ಶೇ 6.5 ಇದ್ದದ್ದು ಶೇ 5.25ಕ್ಕೆ ಬಂತು. ಅದರ ಹಿಂದೆಯೇ ಬ್ಯಾಂಕುಗಳ ಎಫ್‌ಡಿ (ನಿಶ್ಚಿತ ಠೇವಣಿ) ಬಡ್ಡಿಯೂ ಕುಸಿಯಿತು. ಎಸ್‌ಬಿಐ ಉಳಿತಾಯ ಖಾತೆಗೆ ಕೊಡುವ ಬಡ್ಡಿ ಜೂನ್‌ನಲ್ಲಿ ಶೇ 2.5ಕ್ಕೆ ಇಳಿಯಿತು. ಅಂದರೆ 50,000 ರೂಪಾಯಿ ಇಡೀ ವರ್ಷ ಖಾತೆಯಲ್ಲೇ ಬಿದ್ದಿದ್ದರೆ ಸಿಗುವುದು 1,250. ಅಂಚೆ ಕಚೇರಿಯ ಉಳಿತಾಯ ಯೋಜನೆಗಳ ದರ ಮಾತ್ರ ಆ ವರ್ಷವಿಡೀ ಕದಲಲಿಲ್ಲ. ಪಿಪಿಎಫ್ (ಹದಿನೈದು ವರ್ಷದ ಸಾರ್ವಜನಿಕ ಭವಿಷ್ಯ ನಿಧಿ) ಶೇ 7.1, ಐದು ವರ್ಷದ ಆರ್‌ಡಿ (ತಿಂಗಳ ಕಂತಿನ ಠೇವಣಿ) ಶೇ 6.7, ಅಂಚೆ ಉಳಿತಾಯ ಖಾತೆ ಶೇ 4ರಲ್ಲೇ ನಿಂತವು. ಈ ದರಗಳನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ಹಾಗಾಗಿ ದುಡ್ಡು ಕಟ್ಟುವ ದಿನ ಮತ್ತೊಮ್ಮೆ ವಿಚಾರಿಸಿಕೊಳ್ಳಿ.

ಮೊದಲು ಕೈಸಾಲ

ನಮ್ಮ ಕಡೆ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುವ ರೂಢಿ. ನೂರಕ್ಕೆ ಮೂರು ರೂಪಾಯಿ ಬಡ್ಡಿ ಎಂದಾಗ ಮೂರೇ ತಾನೆ ಅನ್ನಿಸುತ್ತದೆ. ವರ್ಷಕ್ಕೆ ಅದು ಶೇ 36. ಮೂವತ್ತು ಸಾವಿರ ಕೈಸಾಲಕ್ಕೆ ತಿಂಗಳಿಗೆ 900, ವರ್ಷಕ್ಕೆ 10,800 ಬರೀ ಬಡ್ಡಿ. ಕ್ರೆಡಿಟ್ ಕಾರ್ಡಿನಲ್ಲಿ ‘ಮಿನಿಮಮ್ ಡ್ಯೂ’ (ಕನಿಷ್ಠ ಕಂತು) ಮಾತ್ರ ಕಟ್ಟಿಕೊಂಡು ಹೋದರೂ ಹೆಚ್ಚುಕಡಿಮೆ ಇದೇ ಗತಿ, ಅಲ್ಲಿ ತಿಂಗಳಿಗೆ ಶೇ 3ರಿಂದ 3.5 ಬಡ್ಡಿ ಬೀಳುತ್ತದೆ. ಒಂದು ಕೈಯಲ್ಲಿ ಶೇ 36ರ ಸಾಲ, ಇನ್ನೊಂದು ಕೈಯಲ್ಲಿ ಶೇ 6.7ರ ಆರ್‌ಡಿ ಇಟ್ಟುಕೊಂಡ ಮನೆಗಳು ಬಹಳ ಇವೆ. ಉಳಿತಾಯ ಮಾಡುತ್ತಿದ್ದೇವೆ ಎಂಬ ಸಮಾಧಾನ ಅಲ್ಲಿರುತ್ತದೆ, ಉಳಿತಾಯ ಇರುವುದಿಲ್ಲ. ಆ ಸಾಲ ತೀರುವ ತನಕ ತಿಂಗಳ ನಾಲ್ಕು ಸಾವಿರವೂ ಅಲ್ಲಿಗೇ ಹೋಗಲಿ. ಮನೆಯಲ್ಲಿ ಒಡವೆ ಇದ್ದರೆ ಸರ್ಕಾರಿ ಬ್ಯಾಂಕಿನಲ್ಲಿ ಅಡವಿಟ್ಟು ಕೈಸಾಲ ತೀರಿಸಿಬಿಡುವುದು ಇನ್ನೂ ಒಳ್ಳೆಯದು. ಅಲ್ಲಿ ಚಿನ್ನದ ಸಾಲಕ್ಕೆ ಸಾಮಾನ್ಯವಾಗಿ ವರ್ಷಕ್ಕೆ ಶೇ 10ರ ಆಸುಪಾಸು ಬಡ್ಡಿ, ಹಾಗಾಗಿ 10,800 ಇದ್ದ ಬಡ್ಡಿ 3,000ಕ್ಕೆ ಇಳಿಯುತ್ತದೆ. ಆದರೆ ಅಡವಿನ ಅವಧಿ ಮುಗಿಯುವ ತಾರೀಕನ್ನು ಬರೆದಿಟ್ಟುಕೊಳ್ಳಿ. ನವೀಕರಿಸಲು ಮರೆತು ಒಡವೆ ಹರಾಜಿಗೆ ಬರುವುದು ಅಪರೂಪವೇನಲ್ಲ.

ಆಪತ್ತಿನ ದುಡ್ಡು ಎಲ್ಲಿರಬೇಕು

ಸಾಲ ತೀರಿದ ಮೇಲೆ ಮೂರು ತಿಂಗಳ ಖರ್ಚಿನಷ್ಟು ಹಣ ಕೈಗೆಟುಕುವಂತೆ ಇರಬೇಕು. ತಿಂಗಳ ಖರ್ಚು 18,000 ಆದರೆ 54,000. ನಾಲ್ಕು ಸಾವಿರದಂತೆ ಕೂಡಿಸಿದರೆ ಇದಕ್ಕೇ ಒಂದು ವರ್ಷದ ಮೇಲಾಗುತ್ತದೆ, ಆದರೂ ಇದನ್ನು ಹಾರಿ ಮುಂದಕ್ಕೆ ಹೋಗಬೇಡಿ. ಗುತ್ತಿಗೆ ಕೆಲಸ ನಿಂತಾಗ, ಬೈಕ್ ಅಪಘಾತವಾದಾಗ ಮತ್ತೆ ಅದೇ ಮೂರು ರೂಪಾಯಿ ಬಡ್ಡಿಯವರ ಮನೆ ಬಾಗಿಲಿಗೆ ಹೋಗದಂತೆ ತಡೆಯುವುದು ಈ ದುಡ್ಡು.

ಇದನ್ನು ಸಂಬಳದ ಖಾತೆಯಲ್ಲಿ ಇಡಬಾರದು. ಫೋನ್‌ಪೇ, ಗೂಗಲ್‌ಪೇ ಕೈಗೆ ಸಿಗುವ ಖಾತೆಯಲ್ಲಿ ದುಡ್ಡು ನಿಲ್ಲುವುದಿಲ್ಲ. ಅಂಚೆ ಉಳಿತಾಯ ಖಾತೆ ಇದಕ್ಕೆ ಒಳ್ಳೆಯ ಜಾಗ. 500 ರೂಪಾಯಿಗೆ ತೆರೆಯಬಹುದು, ಬಡ್ಡಿ ಶೇ 4. ಅಲ್ಲಿ ಒಂದು ನಿಯಮ ತಿಳಿದಿರಬೇಕು: ತಿಂಗಳ 10ನೇ ತಾರೀಕಿನಿಂದ ಕೊನೆಯ ದಿನದವರೆಗೆ ಖಾತೆಯಲ್ಲಿದ್ದ ಅತಿ ಕಡಿಮೆ ಮೊತ್ತಕ್ಕೆ ಮಾತ್ರ ಆ ತಿಂಗಳ ಬಡ್ಡಿ. ಹಾಗಾಗಿ ಕಟ್ಟುವುದು 10ರೊಳಗೆ, ತೆಗೆಯುವುದಿದ್ದರೆ ಮುಂದಿನ ತಿಂಗಳ ಮೊದಲ ವಾರ. ಮೊತ್ತ 20,000 ದಾಟಿದ ಮೇಲೆ ಒಂದೊಂದೇ ಬ್ಯಾಂಕ್ ಎಫ್‌ಡಿ ಮಾಡಿ. ಐವತ್ತು ಸಾವಿರದ ಒಂದು ಎಫ್‌ಡಿಗಿಂತ 15,000ದ ಮೂರು ಎಫ್‌ಡಿ ಮೇಲು. ಹತ್ತು ಸಾವಿರ ಬೇಕಾದಾಗ ಒಂದನ್ನು ಮುರಿದರೆ ಸಾಕು, ಉಳಿದೆರಡರ ಬಡ್ಡಿ ಕೆಡುವುದಿಲ್ಲ. ಅವಧಿಗೆ ಮುಂಚೆ ಮುರಿದರೆ ಹಣ ಎಷ್ಟು ದಿನ ಇತ್ತೋ ಅಷ್ಟು ದಿನದ ದರದಲ್ಲಿ ಲೆಕ್ಕ ಹಾಕಿ, ಅದರಲ್ಲೂ ಸಾಮಾನ್ಯವಾಗಿ ಶೇ 0.5ರಿಂದ 1ರಷ್ಟು ಹಿಡಿದುಕೊಳ್ಳುತ್ತಾರೆ.

ಆಸ್ಪತ್ರೆ ಖರ್ಚಿಗೆ ಎಷ್ಟು ಕೂಡಿಟ್ಟರೂ ಸಾಲದು, ಅದಕ್ಕೆ ವಿಮೆಯೇ ದಾರಿ. ತಿಂಗಳ ವೇತನ 21,000ದೊಳಗಿದ್ದು ಕಾರ್ಖಾನೆ ಇಎಸ್‌ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಸಂಬಳದಿಂದ ಶೇ 0.75 ಈಗಾಗಲೇ ಕಡಿತವಾಗುತ್ತಿರುತ್ತದೆ. ಅವಲಂಬಿತ ತಂದೆತಾಯಿಯ ಹೆಸರು ಅದರಲ್ಲಿ ಸೇರಿದೆಯೇ ನೋಡಿ, ಎಷ್ಟೋ ಜನ ಸೇರಿಸಿರುವುದೇ ಇಲ್ಲ. ಮಂಡ್ಯದ ಹಳ್ಳಿಗಳಲ್ಲಿ ಹಾಲಿನ ಡೇರಿ ಸದಸ್ಯತ್ವ ಇರುವ ಮನೆಗಳಿಗೆ ಯಶಸ್ವಿನಿ ಯೋಜನೆ ಇದೆ. ವರ್ಷದಲ್ಲಿ ನೋಂದಣಿ ತೆರೆದಿರುವ ದಿನಗಳು ಕಡಿಮೆ, ಡೇರಿ ಕಾರ್ಯದರ್ಶಿಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಇನ್ನು ಬ್ಯಾಂಕ್ ಖಾತೆಯಿಂದಲೇ ಕಡಿತವಾಗುವ ಎರಡು ಯೋಜನೆಗಳಿವೆ: ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ, 436 ರೂಪಾಯಿಗೆ 2 ಲಕ್ಷದ ಜೀವ ವಿಮೆ. ಮೇ ಕೊನೆಯಲ್ಲಿ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಎರಡೂ ಸದ್ದಿಲ್ಲದೆ ನಿಂತುಹೋಗುತ್ತವೆ.

ಆರ್‌ಡಿ, ಚೀಟಿ, ಸೊಸೈಟಿ

ಅಂಚೆ ಆರ್‌ಡಿಯಲ್ಲಿ ತಿಂಗಳಿಗೆ 1,000ದಂತೆ ಐದು ವರ್ಷ ಕಟ್ಟಿದರೆ 60,000ಕ್ಕೆ ಸುಮಾರು 71,366 ಬರುತ್ತದೆ. ಕಷ್ಟ ಬರುವುದು ನಡುವೆ ಮುರಿದಾಗ. ಮೂರು ವರ್ಷ ತುಂಬುವ ತನಕ ಮುಚ್ಚಲು ಬಿಡುವುದಿಲ್ಲ. ತುಂಬಿದ ಮೇಲೆ ಮುಚ್ಚಿದರೂ ಕೊಡುವುದು ಉಳಿತಾಯ ಖಾತೆಯ ಶೇ 4ರ ಬಡ್ಡಿ. 36,000 ಕಟ್ಟಿದವರಿಗೆ ಬಡ್ಡಿಯಾಗಿ ಸಿಗುವುದು 2,200ರ ಆಸುಪಾಸು, ಶೇ 6.7 ಪೂರ್ತಿ ಸಿಕ್ಕಿದ್ದರೆ ಅದು 3,900ರ ಹತ್ತಿರ ಇರುತ್ತಿತ್ತು. ಎರಡು ವರ್ಷದಲ್ಲಿ ತಂಗಿಯ ಮದುವೆ ಇದೆ ಅಥವಾ ಸ್ಕೂಟರ್ ಬೇಕು ಎಂದರೆ ಅಂಚೆ ಆರ್‌ಡಿ ಬೇಡ, ಅಷ್ಟೇ ಅವಧಿಯ ಬ್ಯಾಂಕ್ ಆರ್‌ಡಿ ಹಾಕಿ. ನಾಲ್ಕಕ್ಕಿಂತ ಹೆಚ್ಚು ಕಂತು ತಪ್ಪಿದರೆ ಅಂಚೆ ಆರ್‌ಡಿ ನಿಂತುಹೋಗುತ್ತದೆ. ಎರಡು ತಿಂಗಳೊಳಗೆ ಬಾಕಿ ಕಟ್ಟಿ ಜೀವ ಕೊಡದಿದ್ದರೆ ಮುಂದೆ ಕಂತು ಕಟ್ಟಲಾಗುವುದಿಲ್ಲ. ಹಾಗಾಗಿ 2,000ದ ಒಂದು ಆರ್‌ಡಿ ಬದಲು 500ರ ನಾಲ್ಕು ತೆರೆಯುವುದು ಜಾಣತನ. ಕಷ್ಟದ ತಿಂಗಳು ಒಂದನ್ನು ಬಿಟ್ಟು ಮೂರನ್ನು ಉಳಿಸಿಕೊಳ್ಳಬಹುದು.

ಸಂಬಳವಿಲ್ಲದ ಮನೆಗಳಿಗೆ ಈ ಲೆಕ್ಕ ಬೇರೆ. ಹಾಲಿನ ಬಟವಾಡೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಬಾರಿ ಆಗುತ್ತದೆ, ಕಬ್ಬಿನ ಬಿಲ್ಲು ಒಟ್ಟಿಗೆ ಬರುತ್ತದೆ, ಅದೂ ಕಾರ್ಖಾನೆ ಕೊಟ್ಟಾಗ. ಇಂಥವರು ತಿಂಗಳ ಕಂತಿಗೆ ಕಟ್ಟುಬಿದ್ದರೆ ತಪ್ಪುವುದು ಖಂಡಿತ. ಬಟವಾಡೆಯಿಂದ ಮನೆ ಖರ್ಚು ನಡೆಸಿ, ಕಬ್ಬಿನ ಬಿಲ್ಲು ಬಂದ ವಾರವೇ ಮುಂದಿನ ಬೆಳೆಯ ಖರ್ಚಿಗೆ ಬೇಕಾದದ್ದನ್ನು ತೆಗೆದಿಟ್ಟು, ಉಳಿದದ್ದನ್ನು ಆರು ತಿಂಗಳು, ಒಂದು ವರ್ಷ, ಎರಡು ವರ್ಷದ ಎಫ್‌ಡಿಗಳಾಗಿ ಹಂಚುವುದು ಅವರಿಗೆ ಹೊಂದುತ್ತದೆ.

ಚೀಟಿಯ ವಿಚಾರ ಸ್ವಲ್ಪ ಬಿಡಿಸಿ ನೋಡಬೇಕು. ಇಪ್ಪತ್ತು ಜನ, ತಿಂಗಳಿಗೆ 5,000, ಒಂದು ಲಕ್ಷದ ಚೀಟಿ. ಹತ್ತನೇ ತಿಂಗಳು ಒಬ್ಬರು 20,000 ಬಿಟ್ಟು ಕೂಗಿದರೆ ಅವರ ಕೈಗೆ 80,000. ಬಿಟ್ಟ 20,000ದಲ್ಲಿ ಚೀಟಿ ನಡೆಸುವವರ ಕಮಿಷನ್ ಶೇ 5, ಅಂದರೆ 5,000 ಕಳೆದು ಉಳಿದ 15,000 ಎಲ್ಲರಿಗೂ ಹಂಚಿಕೆಯಾಗುತ್ತದೆ. ತಲೆಗೆ 750, ಆ ತಿಂಗಳ ಕಂತು 4,250. ಈಗ ಕೊನೆಯ ತನಕ ಕೂಗದೆ ಕಾದವರ ಲೆಕ್ಕ ನೋಡಿ. ಮೊದಲ ಹತ್ತೊಂಬತ್ತು ತಿಂಗಳು ಸರಾಸರಿ 500 ಹಂಚಿಕೆ ಬಂತು ಎಂದರೆ ಅವರು ಕಟ್ಟಿದ್ದು 90,500. ಕೊನೆಯಲ್ಲಿ ಕಮಿಷನ್ ಕಳೆದು ಸಿಕ್ಕಿದ್ದು 95,000. ಲಾಭ 4,500. ಕಂತುಗಳು ಸರಾಸರಿ ಒಂಬತ್ತೂವರೆ ತಿಂಗಳು ಅಲ್ಲಿದ್ದವು, ಆದ್ದರಿಂದ ವರ್ಷಕ್ಕೆ ಶೇ 6 ಚಿಲ್ಲರೆ. ಬ್ಯಾಂಕ್ ಆರ್‌ಡಿಯಷ್ಟೇ. ಅಷ್ಟಕ್ಕಾಗಿ ಉಳಿದ ಹತ್ತೊಂಬತ್ತು ಜನ ತಪ್ಪದೆ ಕಟ್ಟುತ್ತಾರೆ, ಚೀಟಿ ನಡೆಸುವವರು ಊರು ಬಿಡುವುದಿಲ್ಲ ಎಂಬ ನಂಬಿಕೆಯ ಮೇಲೆ ಲಕ್ಷ ರೂಪಾಯಿ ನಿಂತಿರುತ್ತದೆ. ನಡುವೆ ಎತ್ತಬೇಕಾದ ಅಗತ್ಯ ನಿಜವಾಗಿ ಇರುವವರಿಗೆ ಚೀಟಿ ಉಪಯೋಗಕ್ಕೆ ಬರುತ್ತದೆ, ಅವರಿಗದು ಸಾಲದ ದಾರಿ. ಉಳಿತಾಯಕ್ಕೆಂದೇ ಹಾಕುವುದರಲ್ಲಿ ಅರ್ಥವಿಲ್ಲ. ಹಾಕಲೇಬೇಕೆಂದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಗೆ ಹಾಕಿ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಕಮಿಷನ್ ಶೇ 7 ಮೀರಬಾರದು ಎಂದು ಕಾಯ್ದೆಯೇ ಹೇಳುತ್ತದೆ.

ಹೆಚ್ಚು ಬಡ್ಡಿಯ ಆಸೆ ಹುಟ್ಟಿಸುವ ಇನ್ನೊಂದು ಜಾಗ ಪತ್ತಿನ ಸಹಕಾರ ಸಂಘಗಳು. ಚೆನ್ನಾಗಿ ನಡೆಯುವ ಸಂಘಗಳು ಬೇಕಾದಷ್ಟಿವೆ. ಆದರೆ ಸಹಕಾರಿ ಬ್ಯಾಂಕಿಗೂ ಪತ್ತಿನ ಸಂಘಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಪಟ್ಟಣ ಸಹಕಾರಿ ಬ್ಯಾಂಕು, ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕುಗಳ ಠೇವಣಿಗೆ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆ ಡಿಐಸಿಜಿಸಿಯ ವಿಮೆ ಇದೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ. ಪತ್ತಿನ ಸಂಘದ ಠೇವಣಿಗೆ ಈ ವಿಮೆ ಇಲ್ಲ. ಒಂದು ಲಕ್ಷಕ್ಕೆ ಶೇ 2.5 ಹೆಚ್ಚು ಕೊಟ್ಟರೆ ವರ್ಷಕ್ಕೆ ಬರುವುದು 2,500. ಸಂಘ ಮುಳುಗಿದರೆ ಹೋಗುವುದು ಆ ಲಕ್ಷ, ಅಂದರೆ ನಲವತ್ತು ವರ್ಷದ ಹೆಚ್ಚುವರಿ ಬಡ್ಡಿ. ವಿಮೆ ಇದ್ದಲ್ಲೂ ದುಡ್ಡು ಕೂಡಲೇ ಸಿಗುತ್ತದೆ ಎಂದಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಠೇವಣಿದಾರರು ತೆಗೆಯಬಹುದಾಗಿದ್ದದ್ದು 35,000 ಮಾತ್ರ. ಆಪತ್ತಿನ ದುಡ್ಡನ್ನು ಒಂದೇ ಕಡೆ ಇಡಬಾರದು ಎನ್ನುವುದು ಇದಕ್ಕೇ.

ಪಾಲಿಸಿ ಮತ್ತು ಪಿಎಫ್

ಕೆಲಸಕ್ಕೆ ಸೇರಿದ ತಿಂಗಳೇ ಪರಿಚಯದ ಏಜೆಂಟರು ಮನೆಗೆ ಬರುತ್ತಾರೆ. ಸಂಬಂಧಿಕರೇ ಆಗಿದ್ದರೆ ಬೇಡ ಎನ್ನುವುದು ಇನ್ನೂ ಕಷ್ಟ. ‘ಟ್ಯಾಕ್ಸ್ ಉಳಿಯುತ್ತೆ’ ಎಂಬ ಮಾತಿಗೆ ಈಗ ಬಲವಿಲ್ಲ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲ, ಮತ್ತು ಆ ಪದ್ಧತಿಯಲ್ಲಿ ವಿಮೆ ಕಂತು, ಉಳಿತಾಯಕ್ಕೆ ಕೊಡುವ 80ಸಿ ವಿನಾಯಿತಿಯೂ ಇಲ್ಲ. ಇನ್ನು ಗಳಿಕೆಯ ಲೆಕ್ಕ. ವರ್ಷಕ್ಕೆ 24,000ದಂತೆ 20 ವರ್ಷ ಕಟ್ಟುವ ಎಂಡೋಮೆಂಟ್ ಪಾಲಿಸಿ (ವಿಮೆ, ಉಳಿತಾಯ ಎರಡೂ ಸೇರಿದ್ದು) ಶೇ 5.5ರ ಗಳಿಕೆ ಕೊಟ್ಟರೆ ಕೊನೆಗೆ ಸುಮಾರು 8.8 ಲಕ್ಷ. ಅದೇ ದುಡ್ಡು ಪಿಪಿಎಫ್‌ನಲ್ಲಿ, ಹದಿನೈದು ವರ್ಷ ಮುಗಿದ ಮೇಲೆ ಐದು ವರ್ಷ ಮುಂದುವರಿಸಿ, ಶೇ 7.1ರಲ್ಲೇ ಬೆಳೆದರೆ ಸುಮಾರು 10.6 ಲಕ್ಷ. ಮನೆಯವರು ನಿಮ್ಮ ದುಡಿಮೆಯನ್ನೇ ನಂಬಿದ್ದರೆ ಟರ್ಮ್ ಪಾಲಿಸಿ (ಸಾವಿಗೆ ಮಾತ್ರ ಪರಿಹಾರ ಕೊಡುವ ವಿಮೆ) ಪ್ರತ್ಯೇಕವಾಗಿ ಮಾಡಿಸಿ. ವಿಮೆ ವಿಮೆಯಾಗಿರಲಿ, ಉಳಿತಾಯ ಉಳಿತಾಯವಾಗಿರಲಿ.

ಈಗಾಗಲೇ ಪಾಲಿಸಿ ಮಾಡಿಸಿದ್ದರೆ ದುಡುಕಬೇಡಿ. ಪಾಲಿಸಿ ಕೈಸೇರಿ 30 ದಿನ ಆಗಿಲ್ಲದಿದ್ದರೆ ‘ಫ್ರೀ ಲುಕ್’ ನಿಯಮದಡಿ ವಾಪಸ್ ಮಾಡಿ, ಸಣ್ಣ ಕಡಿತದ ಹೊರತು ಕಟ್ಟಿದ್ದು ಮರಳುತ್ತದೆ. ಹಳೆಯದಾದರೆ ಸರೆಂಡರ್ ಮಾಡಿದರೆ (ಈಗಲೇ ಮುಚ್ಚಿ ದುಡ್ಡು ಪಡೆದರೆ) ಎಷ್ಟು, ಪೇಯ್ಡ್ ಅಪ್ ಮಾಡಿದರೆ ಎಷ್ಟು ಎಂದು ಶಾಖೆಯಿಂದ ಬರವಣಿಗೆಯಲ್ಲಿ ಕೇಳಿ. ಪೇಯ್ಡ್ ಅಪ್ ಎಂದರೆ ಮುಂದೆ ಕಂತು ಕಟ್ಟದೆ, ಕಡಿಮೆ ಮೊತ್ತಕ್ಕೆ ಪಾಲಿಸಿ ಕೊನೆಯ ತನಕ ಉಳಿಯುವುದು. ಕೊನೆಯ ನಾಲ್ಕೈದು ವರ್ಷ ಮಾತ್ರ ಬಾಕಿ ಇರುವ ಪಾಲಿಸಿಯನ್ನು ಮುಗಿಸುವುದೇ ಬಹುತೇಕ ಲಾಭ.

ಪಿಎಫ್ ಅನ್ನು ಉಳಿತಾಯ ಎಂದು ಎಣಿಸುವವರೇ ಕಡಿಮೆ. ಅದಕ್ಕೆ 2024-25ರಲ್ಲಿ ಸಿಕ್ಕಿದ್ದು ಶೇ 8.25, ಮೇಲೆ ಹೇಳಿದ ಎಲ್ಲಕ್ಕಿಂತ ಹೆಚ್ಚು. ಮೂಲ ವೇತನ 15,000 ಇದ್ದರೆ ನಿಮ್ಮಿಂದ 1,800, ಮಾಲೀಕರ ಪಾಲಿನಲ್ಲಿ 1,250 ಪಿಂಚಣಿಗೆ ಹೋಗಿ 550 ಪಿಎಫ್‌ಗೆ, ಒಟ್ಟು ತಿಂಗಳಿಗೆ 2,350 ಬೀಳುತ್ತದೆ. ನಂಜನಗೂಡಿನಲ್ಲಿ ಎರಡು ವರ್ಷ, ಗೆಜ್ಜಲಗೆರೆಯಲ್ಲಿ ಎರಡು ವರ್ಷ ಎಂದು ಕೆಲಸ ಬದಲಿಸುತ್ತ ಪ್ರತಿ ಸಲ ಪಿಎಫ್ ತೆಗೆಸಿದರೆ ಈ ಗಿಡ ಮರವಾಗುವುದೇ ಇಲ್ಲ. ಶೇ 8.25 ದರ ಹಾಗೇ ಮುಂದುವರಿದರೆ ಇಂದಿನ ಒಂದು ಲಕ್ಷ 30 ವರ್ಷಕ್ಕೆ ಸುಮಾರು 10.8 ಲಕ್ಷವಾಗುತ್ತದೆ. ಐದು ವರ್ಷ ಸೇವೆ ತುಂಬುವ ಮುಂಚೆ ತೆಗೆದರೆ ತೆರಿಗೆಯ ಲೆಕ್ಕಕ್ಕೂ ಬರುತ್ತದೆ. ಹೊಸ ಕಂಪನಿಗೆ ಹಳೆಯ ಯುಎಎನ್ ನಂಬರನ್ನೇ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರು) ಕೊಟ್ಟು ವರ್ಗಾವಣೆ ಮಾಡಿಸಿ.

ವರ್ಗಾವಣೆ ನಿಲ್ಲುವುದು ಹೆಚ್ಚಾಗಿ ಹೆಸರಿನ ಇನಿಶಿಯಲ್‌ನಿಂದ. ಆಧಾರ್‌ನಲ್ಲಿ ಹೆಸರಿನ ಹಿಂದೆ ಒಂದು ಅಕ್ಷರ, ಪ್ಯಾನ್‌ನಲ್ಲಿ ಅದೇ ಅಕ್ಷರ ಬಿಡಿಸಿ ಊರಿನದೋ ತಂದೆಯದೋ ಹೆಸರು, ಪಿಎಫ್‌ನಲ್ಲಿ ಎರಡೂ ಇಲ್ಲ. ಕೆಲಸದಲ್ಲಿ ಇರುವಾಗಲೇ ಮೂರನ್ನೂ ಒಂದೇ ರೀತಿ ಮಾಡಿಸಿಕೊಳ್ಳಿ, ಬಿಟ್ಟ ಮೇಲೆ ಹಳೆಯ ಕಚೇರಿಯ ಸಹಿ ಸಿಗುವುದು ಕಷ್ಟ. ಕೆಲಸ ಬಿಟ್ಟ ತಾರೀಕನ್ನು ಕಂಪನಿ ನಮೂದಿಸದಿದ್ದರೆ ಎರಡು ತಿಂಗಳ ನಂತರ ನೀವೇ ಪೋರ್ಟಲ್‌ನಲ್ಲಿ ತುಂಬಬಹುದು. ಸಂಬಳದ ಚೀಟಿಯಲ್ಲಿ ಕಡಿತ ತೋರಿಸಿ ಖಾತೆಗೆ ಕಟ್ಟದೆ ಇರುವ ಗುತ್ತಿಗೆದಾರರೂ ಇದ್ದಾರೆ. ಉಮಂಗ್ ಆ್ಯಪ್‌ನಲ್ಲಿ ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ನೋಡುವ ಅಭ್ಯಾಸವಿರಲಿ.

ಹತ್ತು ವರ್ಷ ಮುಟ್ಟದ ದುಡ್ಡು

ಪಿಪಿಎಫ್‌ನಲ್ಲಿ ತಿಂಗಳ 5ನೇ ತಾರೀಕಿನೊಳಗೆ ಕಟ್ಟಿದರೆ ಮಾತ್ರ ಆ ತಿಂಗಳ ಬಡ್ಡಿ. ಎಷ್ಟೋ ಕಾರ್ಖಾನೆಗಳಲ್ಲಿ ಸಂಬಳ ಬೀಳುವುದು 7ಕ್ಕೆ. ಹಾಗಾಗಿ 8ನೇ ತಾರೀಕು ಕಟ್ಟುವ ಬದಲು ಆ ದುಡ್ಡನ್ನು ತೆಗೆದಿಟ್ಟು ಮುಂದಿನ ತಿಂಗಳ 1ರಿಂದ 4ರೊಳಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ವರ್ಷಕ್ಕೆ ಕನಿಷ್ಠ 500 ಕಟ್ಟಿದರೂ ಖಾತೆ ಜೀವಂತ.

ಷೇರು ಮಾರುಕಟ್ಟೆಗೆ ಹೋಗುವವರಿಗೆ ದೇಶದ 50 ದೊಡ್ಡ ಕಂಪನಿಗಳ ಷೇರುಗಳಲ್ಲಿ ಹಣ ಹಾಕುವ ನಿಫ್ಟಿ 50 ಇಂಡೆಕ್ಸ್ ಫಂಡಿನಲ್ಲಿ ತಿಂಗಳಿಗೆ 500ರ ಎಸ್‌ಐಪಿ (ತಿಂಗಳ ಕಂತಿನ ಹೂಡಿಕೆ) ಸಾಕು. ಫಂಡಿನ ಹೆಸರಿನಲ್ಲಿ ‘ಡೈರೆಕ್ಟ್’ ಎಂದಿರಬೇಕು. ‘ರೆಗ್ಯುಲರ್’ ಎಂದಿದ್ದರೆ ಮಾರಿದವರ ಕಮಿಷನ್ ಪ್ರತಿ ವರ್ಷ ನಿಮ್ಮ ಹಣದಿಂದಲೇ ಹೋಗುತ್ತದೆ. ತಿಂಗಳಿಗೆ 2,000ದಂತೆ 20 ವರ್ಷ ಹಾಕಿದಾಗ ಗಳಿಕೆ ಶೇ 11 ಬದಲು ಶೇ 10 ಆದರೆ 17.3 ಲಕ್ಷ ಆಗಬೇಕಿದ್ದದ್ದು 15.2 ಲಕ್ಷವಾಗುತ್ತದೆ. ಒಂದು ಪರ್ಸೆಂಟಿನ ವ್ಯತ್ಯಾಸ ದೊಡ್ಡದಾಗುವುದು ಇಂಥ ದೀರ್ಘಾವಧಿಯಲ್ಲಿ. ಶೇ 10 ಬಂದೇ ಬರುತ್ತದೆ ಎಂದು ಯಾರೂ ಹೇಳಲಾರರು. 2008ರಲ್ಲಿ ನಿಫ್ಟಿ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿದಿತ್ತು. ಏಳೆಂಟು ವರ್ಷದೊಳಗೆ ಬೇಕಾಗುವ ದುಡ್ಡು ಇಲ್ಲಿಗೆ ಬರಬಾರದು. ಕಂತಿನ ದಿನವನ್ನು ಸಂಬಳ ಬಿದ್ದ ಎರಡು ಮೂರು ದಿನದ ನಂತರ ಇಟ್ಟುಕೊಳ್ಳಿ, ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾದರೆ ಬ್ಯಾಂಕು ದಂಡ ಹಾಕುತ್ತದೆ. ಬೆಲೆ ಏರುತ್ತದೋ ಇಳಿಯುತ್ತದೋ ಎಂದು ಪಣ ಕಟ್ಟುವಂಥ ಆಪ್ಷನ್ ಟ್ರೇಡಿಂಗ್ ಕಡೆ ತಲೆಹಾಕಬೇಡಿ. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನಲ್ಲಿ ತೊಡಗಿದ್ದ ವ್ಯಕ್ತಿಗಳಲ್ಲಿ ಶೇ 93 ಮಂದಿ ಕಳೆದುಕೊಂಡರು ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಅಧ್ಯಯನವೇ ಹೇಳಿದೆ.

ಚಿನ್ನವನ್ನು ಮದುವೆಗೆ ಕೊಳ್ಳುವುದು ಬೇರೆ, ಹೂಡಿಕೆಗೆ ಕೊಳ್ಳುವುದು ಬೇರೆ. ಒಂದು ಲಕ್ಷದ ಚಿನ್ನಕ್ಕೆ ಶೇ 12 ಮೇಕಿಂಗ್ ಸೇರಿ 1,12,000, ಅದರ ಮೇಲೆ ಶೇ 3 ಜಿಎಸ್‌ಟಿ ಸೇರಿ 1,15,360. ಮರುದಿನ ಮಾರಲು ಹೋದರೆ ಲಕ್ಷವೂ ಪೂರ್ತಿ ಸಿಗುವುದಿಲ್ಲ. ಹೂಡಿಕೆಗಾದರೆ ಗೋಲ್ಡ್ ಇಟಿಎಫ್ (ಷೇರಿನಂತೆ ಕೊಂಡು ಮಾರಬಹುದಾದ ಚಿನ್ನದ ಫಂಡು) ಇದೆ. ಆ್ಯಪ್‌ಗಳಲ್ಲಿ ಮಾರುವ ಡಿಜಿಟಲ್ ಗೋಲ್ಡ್ ತನ್ನ ನಿಯಂತ್ರಣಕ್ಕೆ ಬರುವುದಿಲ್ಲ ಎಂದು ಸೆಬಿ 2025ರ ನವೆಂಬರ್‌ನಲ್ಲಿ ಎಚ್ಚರಿಸಿದೆ.

ಸಾಲ ತೀರಿ, ಆಪತ್ತಿನ ದುಡ್ಡು ತುಂಬಿದ ಮೇಲೆ ನಾಲ್ಕು ಸಾವಿರವನ್ನು ಹೀಗೆ ಹಂಚಬಹುದು: ಎರಡು ಮೂರು ವರ್ಷದೊಳಗಿನ ಖರ್ಚಿಗೆ ಬ್ಯಾಂಕ್ ಆರ್‌ಡಿ 1,500, ಪಿಪಿಎಫ್ 1,000, ಇಂಡೆಕ್ಸ್ ಫಂಡ್ 1,500. ಪಿಎಫ್ ಇಲ್ಲದ ಕೆಲಸದಲ್ಲಿರುವವರು ಪಿಪಿಎಫ್ ಅನ್ನು 2,000ಕ್ಕೆ ಏರಿಸಿ ಫಂಡನ್ನು 500ಕ್ಕೆ ಇಳಿಸಲಿ. ಮಂಡ್ಯದಿಂದ ಮೈಸೂರಿಗೆ ದಿನವೂ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚು ಉಳಿದಿದೆ. ಆ ಮೊತ್ತಕ್ಕೇ ಒಂದು ಪ್ರತ್ಯೇಕ ಆರ್‌ಡಿ ತೆರೆದರೆ ಅದು ಸಂಬಳದಲ್ಲಿ ಕರಗಿಹೋಗುವುದಿಲ್ಲ. ಎಲ್ಲ ಖಾತೆಗೂ ನಾಮಿನಿ ಹೆಸರು ಹಾಕಿಸಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಮದುವೆಯಾದ ಮೇಲೆ ಪಿಎಫ್‌ನ ಹಳೆಯ ನಾಮಿನೇಷನ್ ಸಾಮಾನ್ಯವಾಗಿ ಊರ್ಜಿತವಾಗಿ ಉಳಿಯುವುದಿಲ್ಲ, ಹೊಸದಾಗಿ ತುಂಬಬೇಕು.